ಒಂದು ರೂಪಾಯಿ ಅಗಲದ ಬರಿ ಲೋಹ

ಸುಬ್ಬಲಕ್ಷ್ಮಿಗೆ ಹೂ ಕಟ್ಟಲು ಬರುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆ ಎರಡು ಸಲ ಕಲಿಸಲು ನೋಡಿ, ಕಟ್ಟಿದ ಮಾಲೆ ದೇವರ ಪಟ ಮುಟ್ಟುವ ಮೊದಲೇ ಉದುರಿದ್ದನ್ನು ಕಂಡು ಸುಮ್ಮನಾಗಿದ್ದರು. ಅದೇ ಕೈಗಳು ವಿಮಾನ ಕಾರ್ಖಾನೆಯ ವೈರಿಂಗ್ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಮೇಣದ ದಾರ ಹಿಡಿದು ತಂತಿಗಳ ಕಂತೆ ಕಟ್ಟಿದವು. ಅವಳು ಕಟ್ಟಿದ ಒಂದು ಕಂತೆಯೂ ತಪಾಸಣೆಯಿಂದ ವಾಪಸು ಬಂದಿರಲಿಲ್ಲ. ಇದನ್ನು ಅವಳಾಗಿ ಯಾರಿಗೂ ಹೇಳುತ್ತಿರಲಿಲ್ಲ. ಬೇರೆಯವರು ಹೇಳಿದರೆ ಅಲ್ಲಗಳೆಯುತ್ತಲೂ ಇರಲಿಲ್ಲ.

ಎರಡು ಸಾವಿರದ ಒಂದರಲ್ಲಿ ಸ್ವಯಂನಿವೃತ್ತಿ ತೆಗೆದುಕೊಂಡು ಜೀವನ್ ಬಿಮಾ ನಗರದ ಮನೆಯಲ್ಲಿ ಕುಳಿತಳು. ಗಂಡ ಶ್ರೀಹರಿ ವಿಮಾ ಕಚೇರಿಯ ನೌಕರ. ಅವನು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಮಾಡಲು ಹೆಚ್ಚೇನೂ ಇರುತ್ತಿರಲಿಲ್ಲ. ಒಂದು ದಿನ ಮಿಕ್ಸಿಯ ವೈರು ಬಿಚ್ಚಿ, ಅದರಲ್ಲಿ ದೋಷವಿಲ್ಲದಿದ್ದರೂ ಹೊಸದಾಗಿ ಜೋಡಿಸಿದಳು. ಆ ವಾರವೇ ಹಯಗ್ರೀವ ಬಂದ.

ಹಯಗ್ರೀವ ಅದೇ ಕಾರ್ಖಾನೆಯ ಲೇಪನ ವಿಭಾಗದಲ್ಲಿದ್ದವನು. ರಸಾಯನಶಾಸ್ತ್ರದ ಪದವೀಧರ, ಇವಳಿಗಿಂತ ಒಂದು ವರ್ಷ ಮೊದಲು ನಿವೃತ್ತನಾಗಿದ್ದ. ಕಾಫಿ ಲೋಟ ಕೆಳಗಿಟ್ಟು ಹೇಳಿದ, "ಗರುಡಾಚಾರ್‌ಪಾಳ್ಯದಲ್ಲಿ ಒಬ್ರು ಮನೇಲೇ ವಿಮಾನ ಕಟ್ತಿದಾರೆ ಕಣ್ರೀ. ಬಣ್ಣದ ಕೆಲಸ ನಾನು ನೋಡ್ಕೊಳ್ತಿದೀನಿ. ವೈರಿಂಗಿಗೆ ಜನ ಇಲ್ಲ."

"ಯಾರು, ಇಂಜಿನಿಯರ‍್ರಾ?"

"ರೈತರು. ಈಗ ಶೆಡ್ ಬಾಡಿಗೆಗೆ ಕೊಟ್ಕೊಂಡಿದಾರೆ."

ಶ್ರೀಹರಿ ಪೇಪರಿನಿಂದ ತಲೆ ಎತ್ತದೆ, "ಹೋಗೇ ಸುಬ್ಬಿ. ಇಲ್ದಿದ್ರೆ ನಾಳೆ ಫ್ರಿಜ್ ಬಿಚ್ತೀಯ" ಎಂದ.

ರೈತನ ಹೆಸರು ರಾಮಾಂಜಿನಪ್ಪ. ಚಿಕ್ಕಂದಿನಿಂದ ರಾಗಿ ಹೊಲದಲ್ಲಿ ನಿಂತು, ಹಳೆಯ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳನ್ನು ನೋಡುತ್ತ ಬೆಳೆದವನು. ಹೊಲ ಹೋಗಿ ಶೆಡ್ಡುಗಳು ಬಂದವು. ಅವುಗಳಲ್ಲಿ ಒಂದನ್ನು ಮಾತ್ರ ಯಾರಿಗೂ ಕೊಡದೆ, ಹೊರದೇಶದಿಂದ ಪೆಟ್ಟಿಗೆಗಳಲ್ಲಿ ಬಂದ ಅಲ್ಯೂಮಿನಿಯಂ ತಗಡುಗಳನ್ನು ನಕ್ಷೆ ನೋಡಿ ಜೋಡಿಸುತ್ತಿದ್ದ. ಇಬ್ಬರು ಕೂರುವ ಸಣ್ಣ ವಿಮಾನ. ಸುಬ್ಬಲಕ್ಷ್ಮಿ ಮೊದಲ ದಿನ ಒಳಗೆ ಹೋದಾಗ ಅದು ಹಸಿರು ಬಣ್ಣದ ಎಲುಬುಗೂಡಿನಂತೆ ಮರದ ಅಡ್ಡೆಗಳ ಮೇಲೆ ನಿಂತಿತ್ತು. ಹಸಿರು ಹಯಗ್ರೀವ ಹಚ್ಚಿದ, ತುಕ್ಕು ತಡೆಯುವ ಪ್ರೈಮರ್ ಬಣ್ಣದ್ದು. ಎರಡು ತಗಡು ಎಲ್ಲಿ ಒಂದರ ಮೇಲೊಂದು ಕೂರುತ್ತವೋ ಅಲ್ಲಿ, ಕೂರುವ ಮೊದಲೇ, ಎರಡೂ ಮೈಗೆ ಅವನು ಅದನ್ನು ಹಚ್ಚಿದ್ದ. ಒಮ್ಮೆ ರಿವೆಟ್ ಹೊಡೆದ ಮೇಲೆ ಆ ಸಂದಿಗೆ ಕೈ ಹೋಗುವುದಿಲ್ಲ, ನೀರು ಮಾತ್ರ ಹೋಗುತ್ತದೆ.

ಸುಬ್ಬಲಕ್ಷ್ಮಿಗೂ ಹಯಗ್ರೀವನಿಗೂ ಜಗಳವಿದ್ದದ್ದು ಒಂದೇ ವಿಷಯಕ್ಕೆ. ಇಂಥ ವಿಮಾನದಲ್ಲಿ ಬ್ಯಾಟರಿಯಿಂದ ದೀಪಕ್ಕೆ ಒಂದೇ ತಂತಿ ಹೋಗುತ್ತದೆ. ವಿದ್ಯುತ್ತು ವಾಪಸು ಬರುವ ದಾರಿ ವಿಮಾನದ ಲೋಹದ ಮೈಯೇ. ಹಾಗಾಗಿ ಅರ್ಥಿಂಗ್ ಕೊಡುವಲ್ಲೆಲ್ಲ ಬಣ್ಣ ಕೆರೆದು, ಒಂದು ರೂಪಾಯಿ ನಾಣ್ಯದಗಲ ಬರಿ ಲೋಹ ತೆಗೆದು, ಅಲ್ಲಿ ತಂತಿಯ ತುದಿಯನ್ನು ಬೋಲ್ಟಿನಿಂದ ಬಿಗಿಯಬೇಕು.

"ನಾನು ಹಚ್ಚೋದು, ನೀವು ಕೆರೆಯೋದು" ಎಂದು ಹಯಗ್ರೀವ ಗೊಣಗುತ್ತಿದ್ದ.

"ನೀವು ಹಚ್ಚಿದ್ರೆ ದೀಪ ಹತ್ತುತ್ತೇನ್ರಿ?"

"ಕೆರೀರಿ. ಆದ್ರೆ ಬಿಗಿದ ದಿನವೇ ಸುತ್ತ ಬಣ್ಣ ಹಚ್ಚಿ ಮುಚ್ಬೇಕು. ಮರುದಿನ ಅಂದ್ರೆ ಆಗಲ್ಲ."

ಆ ಒಪ್ಪಂದದ ಮೇಲೆ ಎರಡು ವರ್ಷ ಕೆಲಸ ನಡೆಯಿತು. ಪ್ರತಿ ಜಾಗದಲ್ಲಿ ವಿದ್ಯುತ್ತು ಸರಿಯಾಗಿ ಹರಿಯುತ್ತದೆಯೇ ಎಂದು ಮೀಟರು ಹಿಡಿದು ನೋಡಿ, ಆ ಅಳತೆಯನ್ನು ಅವಳು ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ಟಿಕ್ ಹಾಕುತ್ತಿದ್ದಳು.

ಎರಡನೆಯ ವರ್ಷದ ಆಯುಧಪೂಜೆಯ ದಿನ ರಾಮಾಂಜಿನಪ್ಪನ ತಾಯಿ ಆಂಜನಮ್ಮ ವಿಮಾನಕ್ಕೂ ಪೂಜೆ ಆಗಲೇಬೇಕೆಂದಳು. ಎಂಬತ್ತರ ಮುದುಕಿ. ಟ್ರ್ಯಾಕ್ಟರಿಗೆ, ಬೋರಿನ ಮೋಟಾರಿಗೆ, ಮೊಮ್ಮಗನ ಸ್ಕೂಟರಿಗೆ ಆಗಿ, ಕೊನೆಗೆ ವಿಮಾನದ ಸರದಿ ಬಂತು. ಕಾರ್ಖಾನೆಯಲ್ಲಿಯೂ ಪ್ರತಿ ವರ್ಷ ಪೂಜೆ ಇತ್ತು, ಆದರೆ ಅಲ್ಲಿ ಕುಂಕುಮ ಬೀಳುತ್ತಿದ್ದದ್ದು ಯಂತ್ರಕ್ಕೆ, ಸಲಕರಣೆಗೆ. ತಯಾರಾಗುತ್ತಿರುವ ವಿಮಾನದ ಭಾಗಕ್ಕೆ ಯಾರೂ ಕೈ ಹಚ್ಚುತ್ತಿರಲಿಲ್ಲ. ಸುಬ್ಬಲಕ್ಷ್ಮಿಗೆ ಅದು ನೆನಪಿತ್ತು. ಆದರೂ ವಿಮಾನದ ಮೂಗಿಗೆ ಅರಿಶಿನ ಕುಂಕುಮ ಇಟ್ಟರೆ ಒರೆಸಿದರಾಯಿತು ಎಂದುಕೊಂಡಳು. ಆಂಜನಮ್ಮ ಕಾಯಿ ಒಡೆದು, ನೀರು ತುಂಬಿದ ಹೋಳನ್ನು ಅವಳ ಕೈಗೆ ಕೊಟ್ಟಳು.

"ಬಾಲಕ್ಕೂ ಒಂದೀಟು ಹಾಕಮ್ಮಣ್ಣಿ. ನಂಗೆ ಬಗ್ಗಕ್ಕಾಗಲ್ಲ."

ಅವಳು ಹಾಕಿದಳು.

ಜನವರಿಯಲ್ಲಿ ಬಾಲದ ದೀಪ ಮಂಕಾಯಿತು. ಒಂದು ಭಾನುವಾರ ಮೂವರೂ ಸೇರಿ ಬಾಲದ ಮುಚ್ಚಳದ ಸ್ಕ್ರೂ ಬಿಚ್ಚಿ, ಟಾರ್ಚು ಹಿಡಿದು ನೋಡಿದರು. ಅರ್ಥಿಂಗ್ ಬೋಲ್ಟಿನ ಸುತ್ತ ಸುಣ್ಣದಂಥ ಬಿಳಿ ಪುಡಿ ಕೂತಿತ್ತು. ಹಸಿರು ಬಣ್ಣದ ಅಂಚು ಹಪ್ಪಳದಂತೆ ಎದ್ದಿತ್ತು. ಹಯಗ್ರೀವ ಮರದ ಕಡ್ಡಿಯಿಂದ ಪುಡಿ ತೆಗೆದ. ಕೆಳಗೆ ಲೋಹದಲ್ಲಿ ಗುಳಿಗಳಿದ್ದವು.

"ಏನ್ ಸ್ವಾಮಿ" ಎಂದ ರಾಮಾಂಜಿನಪ್ಪ, "ನಿಮ್ ಹಸ್ರು ಬಣ್ಣ ಎರಡು ವರ್ಷನೂ ಬಾಳ್ಲಿಲ್ವಲ್ಲ! ನಮ್ಮನೆ ದನದ ಕೊಟ್ಟಿಗೆ ಗೇಟಿಗೆ ಹಚ್ಚಿರೋದು ಹತ್ತು ವರ್ಷದಿಂದ ಹಂಗೇ ಐತೆ."

ಹಯಗ್ರೀವ ನಗಲಿಲ್ಲ. ತನ್ನ ಪುಸ್ತಕ ತೆಗೆದು ನೋಡಿ, "ಬಾಲಕ್ಕೂ ರೆಕ್ಕೆಗೂ ಒಂದೇ ಡಬ್ಬಿ ಬಣ್ಣ" ಎಂದ. "ಇಲ್ಲಿ ಹಿಡೀದೇ ಇದ್ರೆ ರೆಕ್ಕೆ ಒಳಗೂ ಹಿಡಿದಿರಲ್ಲ. ಎರಡೂ ರೆಕ್ಕೆ ಬಿಚ್ಚಿ ನೋಡ್ಬೇಕು."

"ಬಿಚ್ಚಿದ್ರೆ ಮತ್ತೆ ಕಟ್ಟೋ ಶಕ್ತಿ ನಂಗಿಲ್ಲ. ಗುಜರಿಗೆ ಹಾಕ್ಬಿಡ್ತೀನಿ."

"ಹಾರ‍್ದಾಗ ರೆಕ್ಕೆ ಕಿತ್ತು ಬರೋದಕ್ಕಿಂತ ಗುಜರಿ ವಾಸಿ."

ಹದಿನೈದು ದಿನ ಬಿಟ್ಟು ಬರುವ ಭಾನುವಾರ ಬಿಚ್ಚುವುದೆಂದು ತೀರ್ಮಾನವಾಯಿತು. ಹಯಗ್ರೀವ ಟಿಫಿನ್ ಡಬ್ಬಿ ತೆರೆಯದೆ ಮನೆಗೆ ಹೋದ.

ಸುಬ್ಬಲಕ್ಷ್ಮಿ ಬಸ್ಸಿನಲ್ಲಿ ಕೂತು ನೋಟ್‌ಬುಕ್ ತೆರೆದಳು. ಬಾಲದ ಸಾಲಿನಲ್ಲಿ ಅಳತೆ ಸರಿಯಾಗಿತ್ತು, ಟಿಕ್ ಇತ್ತು. ತಾರೀಕು ಆಯುಧಪೂಜೆಯ ಹಿಂದಿನ ದಿನದ್ದು. ಆ ದಿನದ ಮಧ್ಯಾಹ್ನವೆಲ್ಲ ಅವಳಿಗೆ ನೆನಪಾಯಿತು. ಕೆರೆದದ್ದು, ಅಳೆದದ್ದು, ಬಿಗಿದದ್ದು, ಟಿಕ್ ಹಾಕಿದ್ದು. ಸುತ್ತ ಬಣ್ಣ ಹಚ್ಚಲು ಹೋದರೆ ಡಬ್ಬಿಯ ಬೀರುವಿಗೆ ಬೀಗ, ಕೀಲಿ ಹಬ್ಬಕ್ಕೆಂದು ಬೇಗ ಹೋದ ಹಯಗ್ರೀವನ ಜೇಬಿನಲ್ಲಿ. ಹಬ್ಬ ಮುಗಿಸಿ ಹಚ್ಚಿದರಾಯಿತು ಎಂದುಕೊಂಡಿದ್ದಳು. ಹಬ್ಬ ಮುಗಿಸಿ ಬಂದವಳು ಪುಸ್ತಕ ನೋಡಿದಳು, ಟಿಕ್ ಇತ್ತು, ಮುಚ್ಚಳ ಹಾಕಿ ಮುಂದಿನ ಕೆಲಸಕ್ಕೆ ಹೋದಳು. ನಡುವೆ, ಮುಚ್ಚಳ ಇನ್ನೂ ತೆರೆದೇ ಇದ್ದಾಗ, ಎಳನೀರಿನಷ್ಟೇ ತಿಳಿಯಾದ ಕಾಯಿನೀರನ್ನು ಅವಳ ಕೈಯೇ ಅಲ್ಲಿ ಹೊಯ್ದಿತ್ತು.

ಬಸ್ಸು ಟಿನ್ ಫ್ಯಾಕ್ಟರಿಯ ಹತ್ತಿರ ನಿಂತಿತು. ಅವಳಿಗೆ ಇಳಿದು ವಾಪಸು ಹೋಗಬೇಕೆನಿಸಿತು. ಇಳಿಯಲಿಲ್ಲ. ಗೊತ್ತಿರುವುದಕ್ಕೂ ಊಹಿಸಿರುವುದಕ್ಕೂ ವ್ಯತ್ಯಾಸವಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಅರ್ಧ ನಿಜ. ಉಳಿದರ್ಧ, ಇಪ್ಪತ್ತಾರು ವರ್ಷದಲ್ಲಿ ಒಂದು ಕಂತೆಯೂ ವಾಪಸು ಬಂದಿಲ್ಲವೆಂಬ ಹೆಮ್ಮೆ.

ಹಯಗ್ರೀವ ಬಣ್ಣ ಹಚ್ಚಿದ್ದ ತಗಡಿನ ಚೂರುಗಳು ಅವಳ ಸಲಕರಣೆ ಪೆಟ್ಟಿಗೆಯಲ್ಲಿದ್ದವು. ಅದೇ ಡಬ್ಬಿಯ ಬಣ್ಣ. ಮರುದಿನ ಮೂರು ಚೂರು ಆರಿಸಿದಳು. ಮೊದಲನೆಯದರ ಬಣ್ಣ ಮುಟ್ಟಲಿಲ್ಲ. ಎರಡನೆಯದರಲ್ಲಿಯೂ ಮೂರನೆಯದರಲ್ಲಿಯೂ ಒಂದು ರೂಪಾಯಿ ಅಗಲ ಕೆರೆದಳು. ಮೂರಕ್ಕೂ ತಂತಿಯ ತುದಿ ಬಿಗಿದಳು. ಮೊದಲೆರಡರ ಮೇಲೆ ಕಾಯಿನೀರಿನಲ್ಲಿ ಅದ್ದಿದ ಹತ್ತಿ, ಮೂರನೆಯದರ ಮೇಲೆ ಬ್ಯಾಟರಿಗೆ ಹಾಕುವ ಶುದ್ಧ ನೀರಿನ ಹತ್ತಿ. ಪ್ರತಿ ಬೆಳಿಗ್ಗೆ ಹತ್ತಿ ಬದಲಿಸಿದಳು.

ಅಡುಗೆಮನೆಯ ಕಿಟಕಿಯಲ್ಲಿ ಮೂರು ತಟ್ಟೆ ನೋಡಿ ಶ್ರೀಹರಿ, "ಇದ್ಯಾವ ವ್ರತ?" ಎಂದ. ದಿನವೂ ಕಾಯಿ ಒಡೆಯುತ್ತಿದ್ದುದರಿಂದ ಮನೆಯಲ್ಲಿ ಹನ್ನೆರಡು ದಿನ ಚಟ್ನಿಯೇ ಆಯಿತು. ಐದನೆಯ ದಿನ ಎರಡನೆಯ ಚೂರಿನಲ್ಲಿ ಬಿಳಿ ಕಂಡಿತು. ಅವಳು ಗಂಡನಿಗೆ ವಿಷಯ ಹೇಳಿದಳು. ಅವನು ಚೂರನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ.

"ಹೇಳ್ದೇ ಇದ್ರೆ ಯಾರಿಗಾದ್ರೂ ಗೊತ್ತಾಗುತ್ತಾ?"

"ಇಲ್ಲ."

"ಹಂಗಿದ್ರೆ ಹೇಳೇ ಹೇಳ್ತೀಯ ಬಿಡು" ಎಂದು ಸ್ನಾನಕ್ಕೆ ಹೋದ.

ರೆಕ್ಕೆ ಬಿಚ್ಚಬೇಕಿದ್ದ ಭಾನುವಾರ ಅವಳು ಹೋಗುವಷ್ಟರಲ್ಲಿ ಹಯಗ್ರೀವ ಎಡ ರೆಕ್ಕೆಯ ಮೊದಲ ರಿವೆಟ್ಟಿನ ಮೇಲೆ ಗುರುತು ಹಾಕುತ್ತಿದ್ದ. ಡ್ರಿಲ್ಲಿನ ವೈರು ಪ್ಲಗ್ಗಿನಲ್ಲಿತ್ತು. ಬಾಗಿಲಲ್ಲಿ ಆಂಜನಮ್ಮ ನೆನೆಸಿದ ಅವರೆಕಾಳು ಹಿಸುಕುತ್ತ ಕೂತಿದ್ದಳು. ಸುಬ್ಬಲಕ್ಷ್ಮಿ ಡ್ರಿಲ್ಲಿನ ಪ್ಲಗ್ಗು ಕಿತ್ತಳು.

"ಏನ್ರೀ ಇದು?" ಎಂದ ಹಯಗ್ರೀವ.

ಅವಳು ಕಾಯಿನೀರಿನ ಎರಡು ಚೂರುಗಳನ್ನು ಬೆಂಚಿನ ಮೇಲಿಟ್ಟಳು. ಬಣ್ಣ ಕೆರೆಯದ್ದು ಹಾಗೇ ಇತ್ತು, ಕೆರೆದದ್ದರಲ್ಲಿ ಬಿಳಿ ಪುಡಿ, ಗುಳಿ. "ನಿಮ್ ಬಣ್ಣ ಚೆನ್ನಾಗಿದೆ. ಬಾಲದಲ್ಲಿ ಕೆರೆದು ಬಿಗಿದೆ, ಸುತ್ತ ಹಚ್ಚಲಿಲ್ಲ. ಮರುದಿನ ಪೂಜೆಲಿ ಕಾಯಿನೀರು ಹುಯ್ದೆ. ಟಿಕ್ ಹಾಕಿದ್ದೆ ಅಂತ ತಿರುಗಿ ನೋಡ್ಲಿಲ್ಲ. ಎರಡೂ ನಾನೇ ಮಾಡಿದ್ದು."

ಹಯಗ್ರೀವ ಕನ್ನಡಕ ಹಣೆಗೆ ಏರಿಸಿ ಭೂತಗನ್ನಡಿ ಹಿಡಿದ. ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ. ಆಮೇಲೆ "ಬರೀ ನೀರು ಹಾಕಿದ್ದು ಎಲ್ಲಿ?" ಎಂದ.

ಅವಳು ಚೀಲದಿಂದ ಮೂರನೆಯದನ್ನು ತೆಗೆದಳು. ಅದರಲ್ಲಿ ಮಂಕು ಬಂದಿತ್ತು, ಗುಳಿ ಇರಲಿಲ್ಲ. ಅವನು ಅದನ್ನೂ ನೋಡಿ ಮೂರನ್ನೂ ಸಾಲಾಗಿ ಇಟ್ಟ. ರೆಕ್ಕೆಯ ಮೇಲಿನ ಪೆನ್ಸಿಲ್ ಗುರುತನ್ನು ಹೆಬ್ಬೆರಳಿನಿಂದ ಉಜ್ಜಿದ.

"ಹದಿನೈದು ದಿನ ನಿದ್ದೆ ಬಂದಿಲ್ಲ ಕಣ್ರೀ" ಎಂದ.

"ಗೊತ್ತು. ಮೊದಲ ದಿನಾನೇ ಅನುಮಾನ ಇತ್ತು. ಹೇಳ್ಲಿಲ್ಲ. ಅದೂ ನನ್ನ ತಪ್ಪು."

ಅವನು ಡ್ರಿಲ್ಲಿನ ವೈರು ಸುತ್ತಿಟ್ಟ. ರಾಮಾಂಜಿನಪ್ಪ ತಾಯಿಯ ಕಡೆ ನೋಡಿ ದನಿ ತಗ್ಗಿಸಿ, "ಅವ್ವಂಗೆ ಹೇಳ್ಬೇಡಿ ಮೇಡಮ್, ನೊಂದ್ಕೊಳ್ತಾಳೆ" ಎಂದ.

"ಕಿವಿ ಸರಿಗೈತೆ ಕಣ್ಲಾ" ಎಂದಳು ಆಂಜನಮ್ಮ ಬಾಗಿಲಿಂದ. "ಹುಯ್ಯಿ ಅಂದೋಳು ನಾನು. ಕಾಯಿನೀರು ಸೀರೆ ಮ್ಯಾಲೆ ಬಿದ್ರೆ ಕಲೆ ಹೋಗಲ್ಲ, ಇನ್ನು ತಗಡು ತಡೀತೈತಾ? ಇಷ್ಟು ಜನ ಓದಿದೋರು ಇದೀರಿ, ಒಬ್ರಾದ್ರೂ ಹಿಡ್ಕೋಬಾರ‍್ದಾ ನನ್ ಕೈಯ?"

ಅವಳು ಅವರೆಕಾಳಿಗೆ ಮರಳಿದಳು.

ಬಾಲದ ಆ ಅಡ್ಡಪಟ್ಟಿ ಬದಲಿಸಬೇಕಾಯಿತು. ಗುಳಿ ಉಜ್ಜಿ ತೆಗೆಯುವಷ್ಟು ಮೇಲ್ಮೇಲೆ ಇರಲಿಲ್ಲ. ಅರವತ್ತೆರಡು ರಿವೆಟ್ಟುಗಳನ್ನು ಕೊರೆದು ತೆಗೆದರು. ಹೊಸ ಪಟ್ಟಿಗೆ ಹಯಗ್ರೀವ ಬಣ್ಣ ಹಚ್ಚಿದ, ಸುಬ್ಬಲಕ್ಷ್ಮಿ ಕೆರೆದಳು, ಅವನು ಡಬ್ಬಿ ಹಿಡಿದು ಪಕ್ಕದಲ್ಲೇ ನಿಂತಿದ್ದ. ವಿಮಾನದ ದಾಖಲೆ ಪುಸ್ತಕದಲ್ಲಿ ಕಾರಣ ಬರೆಯುವ ಜಾಗ ಬಂದಾಗ ಅವನು ಪೆನ್ನು ಹಿಡಿದು ತಡೆದ. "ನೀರು ಸೇರಿ ತುಕ್ಕು ಅಂತ ಬರೀಲಾ?"

ಅವಳು ಪೆನ್ನು ತೆಗೆದುಕೊಂಡು ತಾನೇ ಬರೆದಳು: ಅರ್ಥಿಂಗ್ ಬಿಗಿದ ಮೇಲೆ ಬಣ್ಣ ಹಚ್ಚದೆ ಬಿಟ್ಟದ್ದು, ಸುಬ್ಬಲಕ್ಷ್ಮಿ. ಆಮೇಲೆ ತನ್ನ ನೋಟ್‌ಬುಕ್ಕಿನ ಎಲ್ಲ ಹಾಳೆಗಳಲ್ಲಿ ಸ್ಕೇಲಿಟ್ಟು ಇನ್ನೊಂದು ಗೆರೆ ಎಳೆದಳು. ಅಳತೆಗೆ ಒಂದು ಟಿಕ್, ಬಣ್ಣಕ್ಕೆ ಒಂದು. ಹಳೆಯ ಮೂವತ್ತೊಂದು ಅರ್ಥಿಂಗ್ ಜಾಗಗಳನ್ನೂ ಕನ್ನಡಿ ಹಿಡಿದು ನೋಡಿ ಬಂದಳು. ಇನ್ನೊಂದು ತಪ್ಪು ಸಿಗಲಿಲ್ಲ. ಬೀರುವಿನ ಎರಡನೆಯ ಕೀಲಿ ಅಂದಿನಿಂದ ಅವಳ ಗೊಂಚಲಿನಲ್ಲಿತ್ತು.

ಮುಂದಿನ ಆಯುಧಪೂಜೆಗೆ ವಿಮಾನಕ್ಕೆ ಮೂಗಿನಿಂದ ಬಾಲದವರೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ಆಂಜನಮ್ಮ ಕಾಯಿ ಒಡೆದು ಹೋಳು ಹಿಡಿದು ನಿಂತಳು. ಸುತ್ತ ನೋಡಿದಳು.

"ಎಲ್ಲಿ ಹುಯ್ಯಲಿ ಅಮ್ಮಣ್ಣಿ, ಹೇಳ್ಬಿಡು ಈಗಲೇ."

ಸುಬ್ಬಲಕ್ಷ್ಮಿ ವಿಮಾನ ಹೊತ್ತ ಮರದ ಅಡ್ಡೆಯ ಕಾಲು ತೋರಿಸಿದಳು. ಮುದುಕಿ ಅಲ್ಲಿ ನೀರು ಹೊಯ್ದು, ಕುಂಕುಮ ಇಟ್ಟು, ಉಳಿದ ಎರಡು ಗುಟುಕನ್ನು ತಾನೇ ಕುಡಿದಳು. ಅವಳು ಆಚೆ ಹೋದ ಮೇಲೆ ಸುಬ್ಬಲಕ್ಷ್ಮಿ ಬಾಲದ ಮುಚ್ಚಳ ಬಿಚ್ಚಿ ಮೀಟರು ಹಿಡಿದಳು. ಅಳತೆ ಹಿಂದಿನ ತಿಂಗಳಿನದೇ ಇತ್ತು. ಬರೆದುಕೊಂಡು, ಎರಡು ಟಿಕ್ ಹಾಕಿ, ಕೋಸಂಬರಿಗೆ ಹೋದಳು.