ಕ್ಯಾಪ್ಟನ್ನಿನ ಹೆಸರು

ನನ್ನ ಕೈಗುಣ ಒಳ್ಳೆಯದು ಎಂಬ ಮಾತು ನಮ್ಮೂರಲ್ಲಿದೆ. ಅರಿಸಿನ ನಾಟಿಯ ದಿನ ಮೊದಲ ಗೆಡ್ಡೆ ಇಡಲು ನಾಲ್ಕು ಮನೆಯವರು ಕರೆಯುತ್ತಾರೆ. ಗುಂಡ್ಲುಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಮೈದುನ ಈ ಕೈಯನ್ನು ಕ್ರಿಕೆಟ್ಟಿಗೂ ಎಳೆದ. ಒಂದು ಮ್ಯಾಚಿಗೆ ಎರಡೂ ಕಡೆಯಿಂದ ಹನ್ನೊಂದು ಆಟಗಾರರನ್ನು ಆರಿಸಿ ಫೋನಿನಲ್ಲಿ ತಂಡ ಕಟ್ಟಬೇಕು. ಅವರು ಮೈದಾನದಲ್ಲಿ ಆಡಿದಂತೆ ಇವನಿಗೆ ಅಂಕ, ಕ್ಯಾಪ್ಟನ್ ಎಂದು ಆರಿಸಿದ ಆಟಗಾರನ ಅಂಕ ಎರಡರಷ್ಟು. ಗೆದ್ದವನಿಗೆ ಗೆಳೆಯರು ಮಸಾಲೆದೋಸೆ ಕೊಡಿಸುತ್ತಾರೆ, ಅಷ್ಟೇ. ತಂಡವನ್ನು ಅವನೇ ತಲೆ ಕೆರೆದುಕೊಂಡು ಆರಿಸುತ್ತಾನೆ. ಕ್ಯಾಪ್ಟನ್ನನ್ನು ಮಾತ್ರ ನಾನು ಬೆರಳಿಟ್ಟು ಒತ್ತಬೇಕು.

ಆ ಭಾನುವಾರ ಅವನು ಮನೆಗೆ ಬಾರದೆ ಅಂಗಡಿಯಲ್ಲೇ ಉಳಿದ. ನನ್ನ ಗಂಡ ಅರಣ್ಯ ಇಲಾಖೆಯ ವಾಚರ್. ಬೆಳಿಗ್ಗೆ ಊರಂಚಿನ ಅವರೆ ಹೊಲಕ್ಕೆ ಆನೆಗಳು ನುಗ್ಗಿದ್ದವು. ಪಟಾಕಿ ಸಿಡಿಸಿ ಅವನ್ನು ಮದ್ದೂರು ಕಾಡಿಗೆ ಅಟ್ಟಲು ಹೋದವರು ಮಧ್ಯಾಹ್ನವಾದರೂ ಬಂದಿರಲಿಲ್ಲ. ಕಾಡಿನೊಳಗೆ ನೆಟ್‌ವರ್ಕ್ ಇಲ್ಲ. ಒಲೆಯ ಮುಂದೆ ಕೂತಿದ್ದರೂ ನನ್ನ ಕಿವಿ ಪಟಾಕಿಯ ಸದ್ದಿಗೇ ಕಾಯುತ್ತಿತ್ತು.

ಅಷ್ಟರಲ್ಲಿ ಮೈದುನನ ಫೋನು. "ಅತ್ಗೆ, ಟಾಸ್ ಆಗೋಯ್ತು. ಐದೇ ನಿಮ್ಸ ಅದೆ. ಎಸ್ರು ಓದ್ತೀನಿ, ಕ್ಯಾಪ್ಟನ್ ಯಾರು ಏಳಿ."

ಒಂದೊಂದೇ ಓದಿದ. ನಾಲ್ಕನೆಯದು ನನ್ನ ಗಂಡನ ಹೆಸರು. ಬೇರೆ ಯಾವ ಹೆಸರೂ ಆಮೇಲೆ ತಲೆಗೆ ಹೋಗಲಿಲ್ಲ.

ಗಂಡನ ಹೆಸರು ಹೇಳಿದರೆ ಅವರ ಆಯಸ್ಸು ಕಮ್ಮಿ ಎಂದು ಹೇಳಿಕೊಟ್ಟವರು ನಮ್ಮತ್ತೆ. ನಾನು ಓದಿದವಳು, ಅಂಗನವಾಡಿ ನಡೆಸುವವಳು, ಇದನ್ನೆಲ್ಲ ನಂಬಬಾರದು. ಆದರೂ ನಂಬುತ್ತೇನೆ. ಅದೇ ಹೆಸರಿನ ಮಗುವೊಂದು ಬಂದಾಗ ವರ್ಷವಿಡೀ ಹಾಜರಿಯಲ್ಲಿ 'ಪುಟ್ಟು' ಎಂದೇ ಕೂಗಿದೆ. ಇಲ್ಲೂ ಆ ಹೆಸರು ಬರೆಯುವುದಿಲ್ಲ.

"ನಿಮ್ಮಣ್ಣ ಕಣಪ್ಪ," ಎಂದೆ.

"ಅಣ್ಣ ಬಂದ್ನಾ?"

"ಅಯ್ಯೋ ಅಲ್ಲ, ನಿಮ್ಮಣ್ಣ!"

"ಎಸ್ರೇಳಿ ಅತ್ಗೆ, ಟೈಮಾಯ್ತದೆ!"

ಗಡಿಬಿಡಿಯಲ್ಲಿ ಬಾಯಿ ಜಾರಿತು. ಮೂವತ್ತು ವರ್ಷ ಹಲ್ಲಿನ ಹಿಂದೆ ಹಿಡಿದಿಟ್ಟಿದ್ದ ಹೆಸರು ಒಂದು ಮಸಾಲೆದೋಸೆಗೆ ಹೊರಬಿತ್ತು. ಅವನು ಸಂತೋಷದಿಂದ ಫೋನಿಟ್ಟ. ದೇವರ ಗೂಡಿನ ಮುಂದೆ ನಿಂತು ತಪ್ಪಾಯಿತು ಎಂದು ಕೆನ್ನೆ ಬಡಿದುಕೊಂಡೆ.

ಅರ್ಧ ಗಂಟೆಯ ನಂತರ ಮತ್ತೆ ಫೋನು ಬಂತು. ಮಾತು ತುಂಡುತುಂಡಾಗಿ ಕೇಳುತ್ತಿತ್ತು. ಮೊದಲು ಆ ಹೆಸರು. ಆಮೇಲೆ, "ಓಗ್ಬುಟ್ಟ ಅತ್ಗೆ... ಎಲ್ಲಾ ಮುಗ್ದೋಯ್ತು..." ಅಲ್ಲಿಗೆ ಕಟ್ಟಾಯಿತು.

ಕಾಡಲ್ಲಿ ಏನಾದರೂ ಆದರೆ ಇಲಾಖೆಯವರು ಮೊದಲು ತಿಳಿಸುವುದು ಪೇಟೆಯಲ್ಲಿರುವ ಮೈದುನನಿಗೇ. ಕ್ರಿಕೆಟ್ಟಾಗಲಿ, ಅವನು ಅಣ್ಣನನ್ನು ಹೆಸರು ಹಿಡಿದು ಕರೆಯುವವನಲ್ಲ ಎಂಬುದಾಗಲಿ ನನಗೆ ನೆನಪೇ ಆಗಲಿಲ್ಲ. ವಾಪಸ್ ಮಾಡಿದರೆ ಅವನು ಎತ್ತಲಿಲ್ಲ. ಗಂಡನಿಗೆ ಮಾಡಿದರೆ ಅದೇ ಹೆಣ್ಣಿನ ದನಿ, ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು. ನಾನೇ ಕೊಂದೆ ಎನ್ನಿಸಿತು. ಬೇರೆ ಯಾವ ಯೋಚನೆಯೂ ಬರಲಿಲ್ಲ. ಬಾಗಿಲು ಹಾಕದೆ ಊರಾಚೆಯ ಆನೆ ಕಂದಕದವರೆಗೂ ಓಡಿದೆ. ಅಲ್ಲಿಂದ ಮುಂದೆ ಯಾವ ಕಡೆ ಹೋಗುವುದೆಂದು ತಿಳಿಯಲಿಲ್ಲ. ಕೂಗೋಣವೆಂದರೆ ಕೂಗಬೇಕಾದದ್ದು ಅದೇ ಹೆಸರು.

ಎಷ್ಟು ಹೊತ್ತು ನಿಂತಿದ್ದೆನೋ. ಲಂಟಾನಾ ಪೊದೆಯ ಹಿಂದಿನಿಂದ ಖಾಕಿ ಅಂಗಿ ಕಾಣಿಸಿತು. ಹೆಗಲಿಗೆ ಪಟಾಕಿ ಚೀಲ, ಮೊಣಕಾಲವರೆಗೂ ಕೆಸರು.

"ಯಾಕಮ್ಮಿ, ಇಲ್ಲಿ ನಿಂತಿದ್ದೀ?"

ನಾನು ಅಲ್ಲೇ ಕುಸಿದು ಕೂತು ಅತ್ತೆ. ಕೈಯಲ್ಲಿದ್ದ ಫೋನು ಆಗಲೇ ಬಡಿದುಕೊಳ್ಳಬೇಕೆ! ಅವರೇ ತೆಗೆದುಕೊಂಡರು. ಮೈದುನನ ಕೂಗು ನನಗೂ ಕೇಳಿಸಿತು: "ಮೊದಲ್ನೇ ಬಾಲ್ಗೇ ಔಟು ಕಣಣ್ಣ, ನಿನ್ನೆಸ್ರಿನವ್ನು! ಅತ್ಗೆ ಕೈಗುಣ ಕೈಕೊಡ್ತು!"

ಅಳುತ್ತಲೇ ಎಲ್ಲವನ್ನೂ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಗು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು. "ಮೂವತ್ತೊರ್ಸಕ್ಕೆ ಒಂದ್ಸಲ ಬಾಯ್ಬುಟ್ಟೆ, ಅದೂ ಯಾವನೋ ಬ್ಯಾಟಿಡ್ಯೋನ್ಗೆ. ನಾನೂ ಬದ್ಕೇ ಅವ್ನಿ. ಈಗ ನನ್ನ ಕೂಗು, ಕೇಳನ."

ಅವರು ನಿಜವಾಗಿಯೂ ಕಾಯುತ್ತಿದ್ದರು. ನಾನೂ ಬಾಯಿ ತೆರೆದೆ. ನಾಳೆ ಬೆಳಿಗ್ಗೆ ಮತ್ತೆ ಇದೇ ಕಾಡಿಗೆ ಹೋಗುತ್ತಾರಲ್ಲ ಎಂದು ನೆನಪಾಯಿತು.

"ಉಣ್ಣಕ್ಕೆ ಬನ್ನಿ," ಎಂದೆ.