ಬಿಡಾರಕ್ಕೆ ಎರಡು ಬಾಗಿಲು

ನನ್ನ ಗಂಡ ಕುಡಿಯುತ್ತಿರಲಿಲ್ಲ. ಕುಡಿದ ಮತ್ತಿನಲ್ಲಿ ಹೊಡೆದ ಎಂದು ಹೇಳಿಕೊಳ್ಳುವ ನೆಪವೂ ನಮಗಿರಲಿಲ್ಲ. ಗಂಡನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ. ಬಹುವಚನವನ್ನು ಅವನೇ ಕಳೆದುಕೊಂಡ. ಸಾರಿಗೆ ಉಪ್ಪು ಹೆಚ್ಚಾದರೆ ಏಟು ನನಗೆ, ಬಿಡಿಸಲು ಬಂದರೆ ಅವನ ಹೆತ್ತ ತಾಯಿಗೆ. ತೊಂಬತ್ತರ ದಶಕದ ಕೊನೆಗೆ ಒಂದು ದಿನ ಅತ್ತೆಯ ಬೆನ್ನಿಗೆ ಒನಕೆ ಎಸೆದ. ಮರುದಿನ ಬೆಳಗಿನ ಬಸ್ಸಿಗೆ ನಾವಿಬ್ಬರೂ ಸಿದ್ದಾಪುರದ ಆ ಮನೆ ಬಿಟ್ಟು ಹುಲಗೋಳಕ್ಕೆ, ನನ್ನ ಅಣ್ಣನಲ್ಲಿಗೆ ಬಂದೆವು. ಅತ್ತೆಯನ್ನು ಕಟ್ಟಿಕೊಂಡು ತವರಿಗೆ ಬಂದ ಸೊಸೆ ಎಂದು ಊರು ನಕ್ಕಿತು. ನಗಲಿ, ನನ್ನ ಗಂಟೇನು ಹೋಯಿತು.

ಅಣ್ಣನ ಮನೆಯಲ್ಲಿ ಜಾಗವಿರಲಿಲ್ಲ. ಗೇರುಮರಗಳಿದ್ದ ಹುಲ್ಲುಬ್ಯಾಣದ ಒಂದು ಮೂಲೆ ತೋರಿಸಿ, ಬೇಕಾದರೆ ಬಿಡಾರ ಕಟ್ಟಿಕೊಳ್ಳಿ, ಹಳೇ ಕೊಟ್ಟಿಗೆಯ ಹೆಂಚು ಒಯ್ಯಿರಿ ಎಂದ. ನಾನು ಅಂಗಳದಲ್ಲಿ ರಂಗೋಲಿ ಪುಡಿಯಿಂದ ನಕ್ಷೆ ಎಳೆದೆ. ಒಂಬತ್ತಡಿ ಅಗಲ, ಹನ್ನೊಂದಡಿ ಉದ್ದ. ಅತ್ತೆ ಆ ಗೆರೆಗಳ ಒಳಗೆ ಮಲಗಿ ನೋಡಿದರು, ಒಲೆಯ ಜಾಗದಲ್ಲಿ ಕುಕ್ಕರಗಾಲಿನಲ್ಲಿ ಕೂತರು. ಆಮೇಲೆ ಬಾಗಿಲಿನ ಗೆರೆಯ ಮೇಲೆ ಹೋಗಿ ನಿಂತರು.

"ಅಂವ ಇಲ್ಲಿ ನಿತ್ಗಂಡ್ರೆ ಓಡದು ಎಲ್ಲಿಂದ ಕೂಸೆ?"

ನಿಜ. ಹೊಡೆಯುವಾಗ ಅವನು ಯಾವತ್ತೂ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದ. ಹಾಗಾಗಿ ಹಿಂದುಗಡೆಗೆ ಇನ್ನೊಂದು ಬಾಗಿಲು ಎಳೆದೆ. ಎರಡಕ್ಕೂ ದಪ್ಪ ಹಲಸಿನ ಹಲಗೆ, ಒಳಗೂ ಹೊರಗೂ ಚಿಲಕ. ಕಂಬಗಳ ಬುಡವನ್ನು ಗೆದ್ದಲು ಹತ್ತದಂತೆ ಬೆಂಕಿಯಲ್ಲಿ ಸುಟ್ಟು ಹುಗಿದೆವು. ಗೋಡೆಗೆ ಮಾತ್ರ ಅಡಿಕೆ ಮರ ಸೀಳಿದ ದಬ್ಬೆಗಳು. ಮೊಳೆ ಹೊಡೆದರೆ ಬಿರಿಯುತ್ತಿದ್ದವು, ತಂತಿಯಿಂದ ಬಿಗಿದೆವು. ಬಾಗಿಲಿಗೆ ಸುತ್ತಿಗೆ ಬೀಸುವಾಗ ಒಂದೊಂದು ಏಟಿಗೂ ಗಂಡನ ಮುಖ ನೆನೆದುಕೊಂಡೆ. ಸುಳ್ಳೇಕೆ ಹೇಳಲಿ, ಬಹಳ ಹಿತವಾಗಿತ್ತು.

ನಾವು ಒಕ್ಕಲು ಬಂದು ತಿಂಗಳು ತುಂಬಿರಲಿಲ್ಲ. ಹಾಡಹಗಲು, ಸೊಪ್ಪು ಕಡಿಯುವ ಕತ್ತಿ ಹಿಡಿದು ಬಂದ. ಮುಂದಿನಿಂದ ಅವನು ಒಳಗೆ ನುಗ್ಗಿದ, ಹಿಂದಿನಿಂದ ನಾವು ಹೊರಗೆ ಬಿದ್ದೆವು. ಅತ್ತೆ ಹಿಂಬಾಗಿಲಿನ ಚಿಲಕ ಹಾಕಿದರು, ನಾನು ಸುತ್ತಿ ಓಡಿ ಮುಂಬಾಗಿಲಿನದು. ಇಲಿ ಬೋನಿಗೆ ಬಿದ್ದಂತಾಯಿತು ಎಂದು ಒಂದು ಗಳಿಗೆ ಕುಣಿಯುವಷ್ಟು ಖುಷಿಯಾಯಿತು.

ಒಳಗೆ ಮಡಕೆ ಒಡೆಯಿತು. ನನ್ನ ಹೊಲಿಗೆ ಮಷೀನು ನೆಲಕ್ಕೆ ಬಿತ್ತು. ಮುಂಬಾಗಿಲಿಗೆ ಒದೆಯತೊಡಗಿದ; ಚಿಲಕದ ಸ್ಕ್ರೂ ಅಲುಗಿತು. ಬಯ್ಗುಳ ಮುಗಿದ ಮೇಲೆ, "ಆಯಿ, ಬಾಗ್ಲು ತೆಗಿಯೆ" ಎಂದ, ಎಳೇ ಮಗುವಿನ ದನಿಯಲ್ಲಿ. ಅತ್ತೆ ಬಂದು ನನ್ನನ್ನು ಪಕ್ಕಕ್ಕೆ ತಳ್ಳಿದರು. ತೆಗೆದೇಬಿಟ್ಟರು, ಎಷ್ಟೆಂದರೂ ಹೆತ್ತ ಕರುಳು ಎಂದುಕೊಂಡೆ. ಅವರು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

"ಆನು ಹಿಡ್ಕಂಡಿರ್ತೆ. ನೀನು ಓಡು."

ಓಡಿದೆ. ಅಣ್ಣನನ್ನೂ ಇಬ್ಬರು ಆಳುಗಳನ್ನೂ ಕರೆದುಕೊಂಡು ಬರುವಾಗ ಬಿಡಾರದ ಬದಿಯ ಗೋಡೆ ಬಾಯಿ ಬಿಟ್ಟಿತ್ತು. ಜೀವಮಾನವೆಲ್ಲ ಬಾಗಿಲಿಗೇ ಹೆದರಿದವರು ನಾವು. ಗೋಡೆಯ ಯೋಚನೆಯೇ ಹೊಳೆದಿರಲಿಲ್ಲ. ಅವನು ಕತ್ತಿಯಿಂದ ತಂತಿ ಕಡಿದು, ದಬ್ಬೆ ಮುರಿದು, ಸುತ್ತಿ ಬಂದು ತಾಯಿಯನ್ನು ಕತ್ತಿಯ ಹಿಂಬದಿಯಿಂದ ಬಡಿದು ಹೋಗಿದ್ದ. ಅತ್ತೆ ಇನ್ನೂ ಆ ಬಾಗಿಲಿಗೆ ಒರಗಿಯೇ ಇದ್ದರು. ಬಲಗೈ ಮೊಣಕೈಯಿಂದ ಕೆಳಗೆ ಜೋತಾಡುತ್ತಿತ್ತು.

ಶಿರಸಿಯ ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತೆಂದು ಕೇಳಿದರು. ಅಣ್ಣ ಮನೆತನದ ಮಾನಕ್ಕಾಗಿ, ಬಚ್ಚಲಿನಲ್ಲಿ ಜಾರಿ ಬಿದ್ದದ್ದು ಎಂದ. ನಾನು ನೆಲ ನೋಡುತ್ತ ನಿಂತೆ.

"ಬಿದ್ದದ್ದಲ್ಲ" ಎಂದರು ಅತ್ತೆ. "ನನ್ನ ಮಗ ಹೊಡೆದದ್ದು. ಹಾಗೇ ಬರ್ಕಳಿ."

ಡಾಕ್ಟರ ಪೆನ್ನು ನಿಂತಿತು. ಅತ್ತೆ ಸರಿಯಿದ್ದ ಎಡಗೈಯಿಂದ ನನ್ನ ಗಲ್ಲ ಹಿಡಿದು ಮೇಲೆತ್ತಿದರು.

"ಇವಳ ಹಲ್ಲು ಮುರಿದದ್ದೂ ಅವನೇ. ಅದನ್ನೂ ಬರ್ಕಳಿ."

ಊರಿಗೆಲ್ಲ ಜೋರು ಮಾಡುವ ನಾನು ಆ ಮಾತನ್ನು ಅಷ್ಟು ವರ್ಷ ಯಾರ ಮುಂದೆಯೂ ಆಡಿರಲಿಲ್ಲ. ಅವತ್ತು ಬಾಯಿ ತೆರೆದು ತೋರಿಸಿದೆ.