ಸೆರಗಿಗೆ ಹೋದ ಕೈ

ಕರೂರಿನ ಕೋಳಿ ಆಹಾರದ ಕಾರ್ಖಾನೆಯಲ್ಲಿ ನನ್ನ ಕೆಲಸ ಮೆಕ್ಕೆಜೋಳದ ತೇವ ನೋಡುವುದು. ಲೋಡು ಬಂದಾಗ ಚೀಲದಿಂದ ಒಂದು ಹಿಡಿ ಕಾಳು ತೆಗೆದು ಮೀಟರಿಗೆ ಹಾಕಬೇಕು. ತೇವ ಶೇಕಡಾ ಹದಿನಾಲ್ಕು ದಾಟಿದರೆ ಲೋಡು ವಾಪಸ್ ಎನ್ನಬೇಕು. ಮದುವೆಯಾಗಿ ಎಂಟು ವರ್ಷದ ಮೇಲೆ, ಮನೆಯಲ್ಲಿ ಹಟ ಹಿಡಿದು ಸೇರಿದ ಕೆಲಸ. ಮೊದಲ ಆರು ತಿಂಗಳು ಪ್ರೊಬೇಷನ್.

ವಾಪಸ್ ಎನ್ನುವುದನ್ನು ಕಲಿಸಲೆಂದೇ ಕಂಪನಿ ನಮ್ಮನ್ನು ಒಂದು ದಿನ ಹರಿಹರಕ್ಕೆ ತರಬೇತಿಗೆ ಕಳಿಸಿತ್ತು. ಬಾಯಿಗಿಂತ ಮೊದಲು ಮೈ ಮಾತಾಡುತ್ತದೆ ಎಂದರು ಅಲ್ಲಿಯ ಮೇಡಂ. ಬೆನ್ನು ನೆಟ್ಟಗಿರಲಿ, ಎದುರಿನವರ ಕಣ್ಣು ನೋಡಿ, ಕೈ ಸುಮ್ಮನಿರಲಿ. ಮನೆಗೆ ಬಂದು ಬೀರುವಿನ ಕನ್ನಡಿ ಮುಂದೆ ವಾರವಿಡೀ ಅಭ್ಯಾಸ ಮಾಡಿದೆ. "ಪಾಪ, ಕನ್ನಡೀನ ಯಾಕ ಹಂಗೆ ಹೆದರಿಸ್ತೀ?" ಎಂದು ಗಂಡ ನಗುತ್ತಿದ್ದರು. ಆದರೆ ಡ್ರೈವರುಗಳು, ದಲಾಲರು ನನ್ನ ನೋಟಕ್ಕೆ ತಗ್ಗತೊಡಗಿದರು. ನಾನೂ ಸ್ವಲ್ಪ ಬೀಗಿದೆ.

ಐದನೆಯ ತಿಂಗಳಲ್ಲಿ ಲೋಕಿಕೆರೆಯಿಂದ ಒಂದು ಟ್ರ್ಯಾಕ್ಟರ್ ಬಂತು. ಕಾಳು ಹಾಕಿದೆ, ಮೀಟರು ಹದಿನೆಂಟು ತೋರಿಸಿತು. ಅಷ್ಟರಲ್ಲಿ ನಮ್ಮ ದೊಡ್ಡ ಮಾವ, ಅಂದರೆ ನನ್ನ ಮಾವನ ಅಣ್ಣ, ಒಳಗೆ ಬಂದರು. ಲೋಡು ಅವರದು. ನಮ್ಮ ಮನೆತನದ ಸೊಸೆಯಂದಿರು ಅವರೆದುರು ಕೂರುವುದಿಲ್ಲ. ತಲೆ ಮೇಲೆ ಸೆರಗು ಹೊದ್ದು, ನೆಲ ನೋಡಿ ಮಾತಾಡುತ್ತಾರೆ. ನಾನು ಕುರ್ಚಿಯಿಂದ ಎದ್ದದ್ದು ನನಗೇ ಗೊತ್ತಾಗಲಿಲ್ಲ. ಕೈ ಸೆರಗಿಗೆ ಹೋಯಿತು. ಸೆರಗೋ, ಬಿಳಿ ಕೋಟಿನೊಳಗೆ ಪಿನ್ನು ಹಾಕಿಸಿಕೊಂಡು ಕೂತಿತ್ತು. ಬರಿಗೈ ತಲೆಯ ಮೇಲೆಯೇ ಉಳಿಯಿತು.

"ಯಾಕವ್ವ, ತಲಿ ನೋಯ್ತೈತೇನು?" ಎಂದರು.

"ಇಲ್ರಿ ಮಾವ್ರೆ. ತೇವ ಸ್ವಲ್ಪ ಜಾಸ್ತಿ ಐತೆ," ಎಂದೆ, ನನ್ನ ಕಾಲ್ಬೆರಳು ನೋಡುತ್ತ.

"ಇರ್ಲಿ ಬಿಡು, ಮೋಡ ಇತ್ತಲ್ಲ," ಎಂದು ಲೋಡು ಇಳಿಸುವ ಚೀಟಿಗೆ ಕೈ ಚಾಚಿದರು. ಸಹಿ ಹಾಕಿ ಕೊಟ್ಟೆ. ಅವರೇನೂ ಮೋಸ ಮಾಡಲಿಲ್ಲ. ನನ್ನ ಬಾಯಿ ಒಂದು ಹೇಳಿತ್ತು, ನಿಂತ ರೀತಿ ಇನ್ನೊಂದು. ಅವರು ಎರಡನೆಯದನ್ನು ನಂಬಿದರು.

ಮರುದಿನ ಆ ರಾಶಿ ತೇವಕ್ಕೆ ಬೆಚ್ಚಗಾಗಿ ಕೆಡತೊಡಗಿತ್ತು. "ಇನ್ನೊಂದ್ಸಲ ಹಿಂಗಾದ್ರೆ ನಿಮ್ಮನ್ನ ಕಾಯಂ ಮಾಡಕಾಗಲ್ಲ ಮೇಡಂ," ಎಂದರು ಮ್ಯಾನೇಜರ್. ಜೋರು ಮಾಡಲಿಲ್ಲ; ಅದೇ ಹೆಚ್ಚು ಚುಚ್ಚಿತು. ನನ್ನ ಮೇಲೆಯೇ ನನಗೆ ಸಿಟ್ಟು ಬಂತು.

ಹದಿನೈದು ದಿನಕ್ಕೆ ಅವರದೇ ಎರಡನೇ ಲೋಡು. ಮತ್ತೆ ಹದಿನೆಂಟು. ಮತ್ತೆ ಎದ್ದು ನಿಂತೆ. ಕನ್ನಡಿ ಮುಂದೆ ಕಲಿತದ್ದೆಲ್ಲ ನೀರುಪಾಲು. ಈ ಸಲ ಮೈಯೊಂದಿಗೆ ಗುದ್ದಾಡಲು ಹೋಗಲಿಲ್ಲ. ಮೇಜು ಬಳಸಿ ಬಂದು, ತಲೆ ತಗ್ಗಿಸಿಯೇ, ಅವರದೇ ಕಾಳನ್ನು ಎರಡೂ ಕೈಯಿಂದ ಅವರ ಅಂಗೈಗೆ ಹಾಕಿದೆ.

"ಕಚ್ಚಿ ನೋಡ್ರಿ ಮಾವ್ರೆ."

ಒಣಗಿದ ಕಾಳು ಹಲ್ಲಿಗೆ ಸಿಕ್ಕರೆ ಟಕ್ಕೆನ್ನುತ್ತದೆ. ಮೀಟರು ಬರುವ ಮೊದಲು ರೈತರೆಲ್ಲ ನೋಡುತ್ತಿದ್ದದ್ದು ಹಾಗೆಯೇ. ಅವರು ಕಚ್ಚಿದರು. ಸದ್ದು ಬರಲಿಲ್ಲ. ನಿಧಾನವಾಗಿ ಅಗಿದು ನುಂಗಿದರು. ನನ್ನ ಕಡೆ ನೋಡದೆ ಬಾಗಿಲಿಗೆ ಹೋಗಿ, ಗಾಡಿ ತಿರುಗಿಸು ಎಂದು ಡ್ರೈವರಿಗೆ ಕೈ ಬೀಸಿದರು.

ಕೆಲಸ ಉಳಿಯಿತು. ಲೋಕಿಕೆರೆಯ ದೊಡ್ಡ ಮಾವನ ಮನೆಯಿಂದ ಫೋನು ಬರುವುದು ನಿಂತಿತು. ಅತ್ತೆ ಕೆಲವು ದಿನ ನನ್ನೊಂದಿಗೆ ಪಾತ್ರೆಗಳ ಸದ್ದಿನಲ್ಲೇ ಮಾತಾಡಿದರು. ನಾನು ಮಾಡಿದ್ದು ಸರಿ ಎಂದು ಗೊತ್ತಿತ್ತು, ಆದರೂ ಊಟ ರುಚಿಸುತ್ತಿರಲಿಲ್ಲ.

ಮೂರನೇ ವಾರ ದೊಡ್ಡ ಮಾವ ಮತ್ತೆ ಬಂದರು. ಮೆಕ್ಕೆಜೋಳವನ್ನು ಡಾಂಬರು ರಸ್ತೆ ಮೇಲೆ ಹರವಿ ಒಣಗಿಸಿ ತಂದಿದ್ದರು. ನಾನು ಎದ್ದೆ. ಅವರು ಅಂಗೈಯನ್ನು ಕೆಳಮುಖವಾಗಿ ಎರಡು ಸಲ ಆಡಿಸಿದರು.

"ಕೂತ್ಕವ್ವ. ಕೂತ್ಕಂಡು ನೋಡು, ಎಷ್ಟೈತೆ ಅಂತ."

ಕೂತೆ. ಕಾಳನ್ನು ಮೀಟರಿಗೆ ಹಾಕಿದೆ. ಮೇಜಿನಾಚೆ ಅವರು ನಿಂತೇ ಇದ್ದರು.

"ಹದಿಮೂರು ಐತ್ರಿ ಮಾವ್ರೆ," ಎಂದು ತಲೆ ಎತ್ತಿ ಹೇಳಿದೆ. ಎಂಟು ವರ್ಷದಲ್ಲಿ ಅವರ ಕಣ್ಣು ನೋಡಿದ್ದು ಅಂದೇ ಮೊದಲು. ಎಡಗಣ್ಣಿಗೆ ಪೊರೆ ಬಂದಿತ್ತು. ನನಗೆ ಗೊತ್ತೇ ಇರಲಿಲ್ಲ.